ಭಾವನ ಕ್ಯಾಮೆರಾದಲ್ಲಿ ಅತ್ತೆಯ ತುರುಬು

ನಮ್ಮ ಭಾವನ ಮನೆಗೆ ಎಂದಾದರೂ ಕಳ್ಳ ಬಂದರೆ ಅವನನ್ನು ಕಂಬಕ್ಕೆ ಕಟ್ಟಬಾರದು, ಕಾಲಿಗೆ ನೀರು ಕೊಟ್ಟು ಚಾಪೆ ಹಾಸಿ ಕೂರಿಸಬೇಕು ಎಂದು ನಾನು ಬಹಳ ಹಿಂದೆಯೇ ಹೇಳಿದ್ದೆ. ಯಾಕೆ ಅಂತೀರಾ? ಯಾವ ಬೀಗರಿಗೂ, ಯಾವ ದೇವರಿಗೂ ಭಾವ ಇಷ್ಟು ಶ್ರದ್ಧೆಯಿಂದ ಕಾದವರಲ್ಲ. ಇವತ್ತು ಬಂದಾನು, ನಾಳೆ ಬಂದಾನು ಎಂದು ಕಾದು ಕಾದು ಅವರ ತಲೆ ನರೆಯಿತು. ಆ ಪುಣ್ಯಾತ್ಮ ಮಾತ್ರ ಬರಲೇ ಇಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬರೀ ಅಕ್ಕನ ಗಂಡನಲ್ಲ, ನಮ್ಮಪ್ಪನ ಒಡಹುಟ್ಟಿದ ಅಕ್ಕನ ಮಗ. ನಮ್ಮ ಕಡೆ ಹೆಣ್ಣು ಕೊಡುವುದು, ತರುವುದು ಎಲ್ಲ ಹೀಗೆ ಹಿತ್ತಲ ಬಾಗಿಲಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಅಕ್ಕನ ಅತ್ತೆ ನನಗೂ ಸೋದರತ್ತೆ. ಅವರ ಊರು ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಸ್ವಲ್ಪ ನಡೆದರೆ ಸಿಗುತ್ತದೆ. ಮುಂದೆ ರಸ್ತೆಗೆ ಮುಖ ಮಾಡಿದ ಜಗುಲಿಯ ಮನೆ, ಅದರ ಹಿಂದೆ ರೇಷ್ಮೆ ಹುಳು ಸಾಕುವ ಉದ್ದನೆಯ ಹುಳು ಮನೆ, ಅದರಾಚೆಗೆ ಹಿಪ್ಪುನೇರಳೆ ತೋಟ. ಕಳ್ಳನಿಗೆ ಬೇಕಾದದ್ದು ಅಲ್ಲಿ ಏನಿದೆಯೋ ನನಗಂತೂ ಗೊತ್ತಿಲ್ಲ.

ಭಾವ ಬೀಗ ಹಾಕುವುದನ್ನು ನೀವು ನೋಡಬೇಕು. ಹಾಕಿ ಒಮ್ಮೆ ಎಳೆಯುತ್ತಾರೆ. ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಜಗ್ಗುತ್ತಾರೆ. ಆಮೇಲೆ ಜೊತೆಯಲ್ಲಿ ಹೊರಟವರ ಕಡೆ ತಿರುಗಿ, "ನೀವೂ ಒಂದ್ಸಲ ಎಳ್ದು ನೋಡಿ" ಅನ್ನುತ್ತಾರೆ. ತಮ್ಮ ಕೈಯ ಮೇಲೆ ತಮಗೇ ನಂಬಿಕೆಯಿಲ್ಲ. ನಾಳೆ ಏನಾದರೂ ಆದರೆ ಸಾಕ್ಷಿ ಬೇಡವೇ? ಅಕ್ಕ ಎಳೆದಿದ್ದಾಳೆ, ನಮ್ಮ ಯಜಮಾನರು ಎಳೆದಿದ್ದಾರೆ, ಲಗ್ನಪತ್ರಿಕೆ ಕೊಡಲು ಬಂದ ನೆಂಟರೂ ಎಳೆದು ಕೊಟ್ಟು ಹೋಗಿದ್ದಾರೆ. ನಾನು ಮಾತ್ರ ಬೀಗಕ್ಕೆ ಒಂದು ಬೆರಳು ತಗುಲಿಸಿ, "ಭದ್ರವಾಗಿದೆ ಭಾವ, ಆನೆ ಎಳೆದ್ರೂ ಬರಲ್ಲ" ಎಂದು ನಗುತ್ತ ಮುಂದೆ ಹೋಗುತ್ತಿದ್ದೆ.

ಒಂದು ಸಲ ಹರಕೆ ತೀರಿಸಲು ಎಲ್ಲರೂ ಟೆಂಪೋ ಮಾಡಿಕೊಂಡು ಕಬ್ಬಾಳಿಗೆ ಹೊರಟೆವು. ಅತ್ತೆಯೂ ಬಂದಿದ್ದರಿಂದ ಮನೆಗೆ ಬೀಗ. ಕನಕಪುರ ದಾಟಿ, ಕಬ್ಬಾಳದುರ್ಗದ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಭಾವನ ಮುಖ ಬಿಳಿಚಿಕೊಂಡಿತು. "ಯಾಕೋ ಬೀಗ ಸರ್ಯಾಗಿ ಬಿದ್ದಿಲ್ಲ ಅನ್ನಿಸ್ತೈತೆ" ಅಂದರು. ಎಲ್ಲರೂ ಎಳೆದು ನೋಡಿದ್ದೇವೆ ಎಂದು ಎಲ್ಲರೂ ಆಣೆ ಇಟ್ಟರೂ ಕೇಳಲಿಲ್ಲ. ಟೆಂಪೋ ತಿರುಗಿತು. ಹರಕೆಯ ಕುರಿಯೂ ನಮ್ಮ ಜೊತೆ ವಾಪಸ್ಸು ಬಂತು. ಆ ಟೆಂಪೋದಲ್ಲಿ ನೆಮ್ಮದಿಯಾಗಿದ್ದದ್ದು ಅದೊಂದೇ. ಮನೆಗೆ ಬಂದು ನೋಡಿದರೆ ಬೀಗ ಭದ್ರವಾಗಿಯೇ ಬಿದ್ದಿತ್ತು. ಬೀಗದ ಕೈ ಅದರಲ್ಲೇ ನೇತಾಡುತ್ತಿತ್ತು.

ಈ ದಿಗಿಲಿನ ಬೇರು ಎಲ್ಲಿದೆ ಎಂದು ಅಕ್ಕ ಒಮ್ಮೆ ನನಗೆ ಹೇಳಿದ್ದಳು. ಭಾವನಿಗೆ ಮೀಸೆ ಮೂಡುತ್ತಿದ್ದ ವಯಸ್ಸಿನಲ್ಲಿ ಅವರನ್ನು ಮೊದಲ ಬಾರಿಗೆ ಒಬ್ಬರನ್ನೇ ರೇಷ್ಮೆ ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಕಳಿಸಿದ್ದರಂತೆ. ಒಳ್ಳೆಯ ಬೆಲೆ ಸಿಕ್ಕಿ, ಖುಷಿಯಲ್ಲಿ ಸಿಹಿ ಕಟ್ಟಿಸಿಕೊಂಡು ಮನೆಗೆ ಬಂದರೆ ಅಂಗಳದ ತುಂಬ ಜನ. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅಪ್ಪ ಅಲ್ಲೇ ಬಿದ್ದು ಹೋಗಿಬಿಟ್ಟಿದ್ದರು. ಯಾವಾಗ ಬಿದ್ದರು, ಏನಾದರೂ ಕೂಗಿದರೇ, ಯಾರಿಗೂ ಗೊತ್ತಿಲ್ಲ, ಯಾರೂ ನೋಡಿರಲಿಲ್ಲ. ತಾನು ಬೆನ್ನು ತಿರುಗಿಸಿದರೆ ಏನೋ ಒಂದು ಹೋಗಿಬಿಡುತ್ತದೆ ಎಂಬುದು ಅವತ್ತು ಭಾವನ ಎದೆಯಲ್ಲಿ ಕೂತದ್ದು ಏಳಲೇ ಇಲ್ಲ. ಹೀಗೆ ತೆಗೆದುಕೊಂಡು ಹೋಗುವವನಿಗೆ ಅವರು ಕಳ್ಳ ಎಂದು ಹೆಸರಿಟ್ಟುಕೊಂಡರು, ಅಷ್ಟೆ.

ಇದನ್ನು ಕೇಳಿದ ಮೇಲೆ ನಾನು ಸುಮ್ಮನಾಗಬೇಕಿತ್ತು. ಆದರೆ ಮದುವೆ ಛತ್ರದಲ್ಲಿ ಕಳ್ಳನಿಗೆ ಹೆದರಿ ಎಡಗಾಲಿನ ಚಪ್ಪಲಿಯನ್ನು ಮುಂಬಾಗಿಲಲ್ಲೂ ಬಲಗಾಲಿನದನ್ನು ಊಟದ ಮನೆಯ ಬಾಗಿಲಲ್ಲೂ ಬಿಡುವ ಮನುಷ್ಯನನ್ನು ನೋಡಿ ನಗದೆ ಇರುವುದು ಹೇಗೆ? ಒಮ್ಮೆ ಬಲಗಾಲಿನದನ್ನು ಯಾರೋ ಗುಡಿಸಿ ಎಸೆದು, ಭಾವ ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದರು. ಬೇಜಾರೇನೂ ಇರಲಿಲ್ಲ. "ಜೋಡಿ ಹೋಗಿದ್ರೆ ಕಳ್ತನ. ಒಂದೇ ಹೋದ್ರೆ ಕಳ್ತನ ಅಲ್ಲ" ಎಂದು ನಮಗೇ ಸಮಾಧಾನ ಹೇಳಿದರು.

ಆಗ ರಾಮನಗರ ಹೊಸದಾಗಿ ಜಿಲ್ಲೆಯಾಗಿತ್ತು. ಬಿಡದಿಯ ಕಡೆ ಎದ್ದ ಕಾರ್ಖಾನೆಗಳ ನೆರಳು ಇವರ ಊರಿನವರೆಗೂ ಬಂದಿತ್ತು. ಬೆಳಗ್ಗೆ ಸಂಜೆ ಕಾರ್ಖಾನೆಯ ಬಸ್ಸು, ನಡುವೆ ಜಮೀನು ನೋಡುವವರ ಕಾರು. ಊರಿನವರು ದನದ ಕೊಟ್ಟಿಗೆ ಕೆಡವಿ ಸಾಲುಮನೆ ಕಟ್ಟಿ, ಹಿಂದಿ ಮಾತಾಡುವ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿದ್ದರು. ಯಾರದೋ ತೋಟದ ಪಂಪ್‌ಸೆಟ್ಟಿನ ಕೇಬಲ್ಲನ್ನು ಯಾರೋ ಕೊಯ್ದುಕೊಂಡು ಹೋದರಂತೆ ಎಂಬ ಸುದ್ದಿಯೂ ಬಂತು. ಭಾವ ಊಟ ಬಿಟ್ಟರು.

ನಿಜ ಹೇಳಬೇಕೆಂದರೆ ಆ ಮನೆಗೆ ಕಾವಲು ಇದ್ದೇ ಇತ್ತು. ಅದರ ಹೆಸರು ಅತ್ತೆ. ಜಗುಲಿಯ ಎಡಗಡೆಯ ಕಂಬಕ್ಕೆ ಒರಗಿ, ಕಾಲು ನೀಡಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರು ಬೆಳಗಿನಿಂದ ಕೂತರೆ ಕತ್ತಲಾದ ಮೇಲೇ ಏಳುವುದು. ಅವರ ತಲೆಯ ಎಣ್ಣೆ ಹತ್ತಿ ಹತ್ತಿ ಆ ಕಂಬದಲ್ಲಿ ಕಪ್ಪನೆಯ ಗುರುತು ಬಿದ್ದಿತ್ತು. ರಸ್ತೆಯಲ್ಲಿ ಹೊಸ ಮುಖ ಕಂಡರೆ ಒಂದೇ ಪ್ರಶ್ನೆ: "ಯಾರ ಮಗನಪ್ಪ ನೀನು?" ಕಾರ್ಖಾನೆಯ ಎಂಜಿನಿಯರು ಉತ್ತರ ಕೊಟ್ಟಿದ್ದಾನೆ, ಜಮೀನಿನ ದಲ್ಲಾಳಿ ತಡವರಿಸಿದ್ದಾನೆ, ನೀಲಿ ಬಟ್ಟೆಯ ಸೆಕ್ಯೂರಿಟಿಯವನು ಅವನಪ್ಪನ ಹೆಸರು, ಊರು, ಎಷ್ಟು ಜನ ಅಕ್ಕತಂಗಿಯರು ಎಂಬುದನ್ನೆಲ್ಲ ಒಪ್ಪಿಸಿ ಮುಂದೆ ಹೋಗಿದ್ದಾನೆ.

ಹೀಗಿರುವಾಗ ಕ್ಯಾಮೆರಾದ ರೋಗ ಭಾವನಿಗೆ ಅಂಟಿದ್ದು ನಮ್ಮ ಅಂಗಡಿಯಿಂದ. ಚನ್ನಪಟ್ಟಣದ ಹೆದ್ದಾರಿಯ ಮೇಲೆ ನಾನೂ ಯಜಮಾನರೂ ಮರದ ಗೊಂಬೆಗಳ ಅಂಗಡಿ ಇಟ್ಟುಕೊಂಡಿದ್ದೇವೆ. ಬಸ್ಸು ನಿಂತಾಗ ಒಟ್ಟಿಗೇ ನುಗ್ಗುವ ಜನರನ್ನು ನೋಡಿಕೊಳ್ಳಲಾಗದೆ ಕ್ಯಾಮೆರಾ ಹಾಕಿಸಿದ್ದೆವು. ಭಾವ ಒಂದು ದಿನ ಅಕ್ಕನ ಮಕ್ಕಳಿಗೆ ಬುಗುರಿ ತೆಗೆದುಕೊಳ್ಳಲು ಬಂದವರು, ನಾಲ್ಕು ಚೌಕವಾಗಿ ಒಡೆದುಕೊಂಡಿದ್ದ ಟಿ.ವಿ.ಯ ಮುಂದೆ ಕೂತರು. ಕಾಫಿ ಆರಿತು. ಬುಗುರಿ ಮರೆತುಹೋಯಿತು. ಕೊನೆಗೆ ಅವರು ಎದ್ದು, "ಒಬ್ನೇ ಮನ್ಸ ನಾಕು ಕಡೆ ನೋಡ್ಬೋದಲ್ಲವ್ವಾ" ಅಂದಾಗ ಅವರ ಕಣ್ಣಲ್ಲಿ ನೀರಿತ್ತು. ಇದರಲ್ಲಿ ಒಂದು ಚೂರೂ ಉತ್ಪ್ರೇಕ್ಷೆಯಿಲ್ಲ.

ನಮಗೆ ಕ್ಯಾಮೆರಾ ಹಾಕಿದ ಇಮ್ರಾನನೇ ಅವರಿಗೂ ಹಾಕಿದ. ಮೊದಲು ಟಿ.ವಿ. ರಿಪೇರಿ ಮಾಡುತ್ತಿದ್ದ, ಮಾತಿಗೆ ಮಾತು ಕೊಡುವ ಮನುಷ್ಯ. ಅವನ ಧೈರ್ಯಕ್ಕೆಂದು ನಾನೂ ಜೊತೆಯಲ್ಲಿ ಹೋಗಿದ್ದೆ. ಜಗುಲಿಗೊಂದು, ಹಿತ್ತಲಿಗೊಂದು, ತೋಟದ ಕಡೆಗೊಂದು, ಹುಳು ಮನೆಗೊಂದು ಕ್ಯಾಮೆರಾ. ನಾಲ್ಕೂ ಕಡೆಯ ವೈರು ಬಂದು ಸೇರುವ ರೆಕಾರ್ಡರ್ ಡಬ್ಬ. ಡಬ್ಬದಿಂದ ನಡುಮನೆಯ ಟಿ.ವಿ.ಗೆ ಇನ್ನೊಂದು ವೈರು. ಇಮ್ರಾನ್ ವಿವರಿಸುತ್ತಿದ್ದ, ಭಾವ ಬೆವರುತ್ತಿದ್ದರು.

"ಡಬ್ಬ ತುಂಬೋದ್ರೆ?"

"ತುಂಬಿದ್ರೆ ಹಳೇದನ್ನ ಅದೇ ಅಳಿಸಿ ಹೊಸದು ಬರ್ಕೊಂತದೆ ಅಣ್ಣ. ಹೆಚ್ಚೂಕಮ್ಮಿ ಒಂದು ತಿಂಗಳದ್ದು ಯಾವಾಗ್ಲೂ ಇರ್ತದೆ."

"ಅಂದ್ರೆ ಕಳ್ಳ ಬಂದೋಗಿ ಒಂದು ತಿಂಗ್ಳು ನಮಗೆ ಗೊತ್ತಾಗ್ದೆ ಇದ್ರೆ?"

ಇಮ್ರಾನ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ಒಂದು ತಿಂಗಳು ಗೊತ್ತಾಗ್ಲಿಲ್ಲ ಅಂದ್ರೆ ಅಣ್ಣ, ಆ ಸಾಮಾನು ನಿಮಗೆ ಬೇಕಾಗಿರ್ಲಿಲ್ಲ ಅಂತ ಲೆಕ್ಕ."

ಮೂರು ಕ್ಯಾಮೆರಾ ಸಲೀಸಾಗಿ ಕೂತವು. ತೊಡಕು ಬಂದದ್ದು ಹುಳು ಮನೆಯಲ್ಲಿ. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹುಳು ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂತಿರುತ್ತದೆ. ಜ್ವರದಲ್ಲಿರುವ ಹುಳುವಿನ ಹತ್ತಿರ ಹೊರಗಿನವರು ಹೋಗುವ ಹಾಗಿಲ್ಲ. ಕಾಲಿನ ಮಣ್ಣಿನಿಂದ ರೋಗ, ಕಣ್ಣಿನಿಂದ ದೃಷ್ಟಿ. ಇಮ್ರಾನ್ ಬಂದ ದಿನವೇ ಹುಳು ಜ್ವರಕ್ಕೆ ಕೂತಿತ್ತು. ಹಾಗಾಗಿ ಅವನು ಬಾಗಿಲ ಹೊರಗೆ, ಅದೂ ಬೆನ್ನು ಹಾಕಿ ನಿಂತು, "ಎಡಕ್ಕೆ ತಿರುಗ್ಸಿ, ಒಸಿ ಕೆಳಕ್ಕೆ" ಎಂದು ಕೂಗಬೇಕು. ಭಾವ ಒಳಗೆ ಏಣಿ ಹತ್ತಿ ಕ್ಯಾಮೆರಾ ಕೂರಿಸಬೇಕು. ಕೂರಿಸಿದರು. ಸ್ವಿಚ್ ಹಾಕಿದಾಗ ಟಿ.ವಿ.ಯಲ್ಲಿ ಹುಳು ಮನೆಯ ಸೂರಿನ ಹಲ್ಲಿ ಬಹಳ ಸ್ಪಷ್ಟವಾಗಿ ಕಂಡಿತು.

ಅದನ್ನು ಬಗ್ಗಿಸಿ ಸರಿಮಾಡಿದ ಮೇಲೆ ಭಾವನಿಗೆ ಇನ್ನೊಂದು ಹೊಳೆಯಿತು. ಟಿ.ವಿ. ಇರುವುದು ನಡುಮನೆಯಲ್ಲಿ. ಬಂದವರೆಲ್ಲ ಅದರ ಮುಂದೆಯೇ ಕೂರುತ್ತಾರೆ. ಟಿ.ವಿ.ಯಲ್ಲಿ ಹುಳು ನೋಡಿದರೆ ದೃಷ್ಟಿ ತಾಕುವುದಿಲ್ಲವೇ? ಇಮ್ರಾನ್ ಕ್ಯಾಮೆರಾದ ಜೊತೆ ಬಂದ ಪುಸ್ತಕ ತಿರುವಿ ನೋಡಿದ. ಅವನ ಕಂಪನಿಯವರೂ ಇದನ್ನು ಯೋಚಿಸಿದಂತಿರಲಿಲ್ಲ. ಕೊನೆಗೆ ಭಾವನೇ ದಾರಿ ಕಂಡುಕೊಂಡರು. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಟಿ.ವಿ.ಯ ಮೇಲಿನ ಬಲಗಡೆ, ಹುಳು ಮನೆ ಕಾಣುವ ಚೌಕದ ಮೇಲೆ ಅಂಟಿಸಿದರು. ತಮಗೆ ನೋಡಬೇಕೆನಿಸಿದಾಗ ಕೈಕಾಲು ತೊಳೆದು ಬಂದು, ಹಾಳೆಯ ತುದಿ ಎತ್ತಿ ಇಣುಕುವುದು, ಮತ್ತೆ ಮುಚ್ಚುವುದು. ಅಕ್ಕ ಸಂಜೆ ಅದೇ ಟಿ.ವಿ.ಯಲ್ಲಿ ಧಾರಾವಾಹಿ ನೋಡುತ್ತಿದ್ದಳಲ್ಲ, ಅವಳಿಗೆ ಕೆಳಗೆ ಸೀರೆ, ಬಳೆ ಎಲ್ಲ ಕಾಣುತ್ತಿತ್ತು, ಬಲಗಡೆ ನಿಂತವರ ತಲೆ ಕಾಣುತ್ತಿರಲಿಲ್ಲ. "ಸೊಸೆ ಅಳ್ತಾವ್ಳೋ ನಗ್ತಾವ್ಳೋ ಗೊತ್ತಾಗಾಕಿಲ್ಲ ಕಣೆ, ಸುಮ್ಕೆ ನಾನೂ ಅಳ್ತೀನಿ" ಎಂದು ನನಗೆ ಫೋನಿನಲ್ಲಿ ಹೇಳಿದಳು.

ಇದಕ್ಕಿಂತ ದೊಡ್ಡ ಚಿಂತೆ ಡಬ್ಬದ್ದು. ಕಳ್ಳ ಬಂದು, ಎಲ್ಲ ಕದ್ದು, ಹೋಗುವಾಗ ತನ್ನ ಮುಖವಿರುವ ಡಬ್ಬವನ್ನೂ ಎತ್ತಿಕೊಂಡು ಹೋದರೆ? ಭಾವ ಎರಡು ದಿನ ಮನೆಯೆಲ್ಲ ಸುತ್ತಿ, ಯಾರಿಗೂ ಹೇಳದೆ ಅದನ್ನು ಒಳಕೋಣೆಯ ರಾಗಿ ವಾಡೆಯಲ್ಲಿ ಹೂತಿಟ್ಟರು. ವಾಡೆ ಎಂದರೆ ಆಳೆತ್ತರದ ಮಣ್ಣಿನ ಗುಡಾಣ. ರಾಗಿ ಸುರಿದುಕೊಳ್ಳಲು ಅದರ ಬುಡದಲ್ಲೊಂದು ತೂತು ಇರುತ್ತದೆ. ವೈರು ಎಳೆಯಲು ನಮ್ಮ ಹಿರಿಯರು ಮಾಡಿಟ್ಟಂತೆಯೇ ಇತ್ತು ಆ ತೂತು. ಗಾಳಿಯಿಲ್ಲದೆ ಡಬ್ಬ ಕಾಯಿತು. ಕಾದು ಕೂಗತೊಡಗಿತು. ಹಿಟ್ಟಿಗೆಂದು ರಾಗಿ ತೆಗೆಯಲು ಹೋದ ಅತ್ತೆ, "ವಾಡೇಲಿ ಕೋಳಿಮರಿ ಸಿಕ್ಕಾಕ್ಕೊಂಡು ಕೂಗ್ತಾ ಐತೆ, ಬಾರ್ಲಾ" ಎಂದು ಮಗನನ್ನು ಕರೆದು, ತಾವೇ ಮುಚ್ಚಳ ತೆಗೆದು ಕೈ ಹಾಕಿದರು. ಬೆಚ್ಚಗಿನ ರಾಗಿ, ಅದರೊಳಗೆ ಬಿಸಿಬಿಸಿ ಡಬ್ಬ. ಅವರು ಮಗನ ಮುಖ ನೋಡಿದರು.

"ಕಾವಿಗೆ ಕೂರ್ಸಿದ್ದೀಯೇನ್ಲಾ? ಎಷ್ಟು ಮರಿ ಮಾಡ್ತೈತೆ ಇದು?"

ಅವತ್ತೇ ಡಬ್ಬ ರಾಗಿಯಿಂದ ಹೊರಗೆ ಬಂತು. ಒಳಕೋಣೆಯಲ್ಲೇ ಒಂದು ಹಲಗೆಯ ಮೇಲೆ ಅದಕ್ಕೆ ಜಾಗವಾಯಿತು. ಕೋಣೆಗೆ ಹೊಸ ಬೀಗ ಬಂತು. ಹೊಸ ಬೀಗವನ್ನು ಎಲ್ಲರೂ ಎಳೆದು ನೋಡಿದರು.

ಇಷ್ಟೆಲ್ಲ ಆಗಿಯೂ ಮುಖ್ಯವಾದ ಕ್ಯಾಮೆರಾದಲ್ಲಿ, ಅಂದರೆ ಜಗುಲಿಯದರಲ್ಲಿ, ಏನು ಕಾಣುತ್ತಿತ್ತು ಗೊತ್ತೇ? ಅತ್ತೆಯ ತುರುಬು! ಅತ್ತೆ ಒರಗುವ ಕಂಬದ ಹಿಂದಿನ ತೊಲೆಗೇ ಅದನ್ನು ಬಿಗಿದಿತ್ತು. ಬೇರೆಲ್ಲಿ ಹಾಕಿದರೂ ಮಳೆಯ ಇರಚಲು. ರಸ್ತೆ, ಗೇಟು, ಬರುವವರು ಹೋಗುವವರು ಎಲ್ಲ ತುರುಬಿನ ಅಂಚಿನಲ್ಲಿ ಇಷ್ಟಿಷ್ಟೇ ಮಿಂಚಿ ಮಾಯವಾಗುತ್ತಿದ್ದರು. ಇಮ್ರಾನ್ ಕೈಮುಗಿದು, "ಅಜ್ಜಿ, ಒಸಿ ಆ ಕಂಬದ ಕಡೆ ಕೂತ್ಕೊಳ್ಳಿ" ಎಂದು ಕೇಳಿ ನೋಡಿದ.

"ಅದು ನೆನ್ನೆ ಬಂದೈತೆ. ನಾನು ಮದ್ವೆಯಾಗಿ ಬಂದಾಗ್ಲಿಂದ ಇಲ್ಲೇ ಕೂತಿವ್ನಿ. ಅದನ್ನೇ ಅತ್ಲಾಗೆ ಕೂರ್ಸಪ್ಪ."

ಭಾವ ಬೇಡಿಕೊಂಡರು. ಅಕ್ಕ ಹೊಸ ಚಾಪೆಯ ಆಸೆ ತೋರಿಸಿದಳು. ಅತ್ತೆ ಅಲುಗಲಿಲ್ಲ. ಅವರಿಗೆ ಒಳಗೊಳಗೇ ನೋವಾಗಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಇಷ್ಟು ಕಾಲ ಮನೆ ಕಾದವಳ ನೆತ್ತಿಯ ಮೇಲೆ ಇನ್ನೊಬ್ಬ ಕಾವಲುಗಾರನನ್ನು ತಂದು ಕೂರಿಸಿದರೆ ಯಾರಿಗೆ ತಾನೇ ನೋವಾಗುವುದಿಲ್ಲ?

ಅಷ್ಟರಲ್ಲಿ, ಕೊನೆಗೂ, ಮನೆಯಲ್ಲೊಂದು ಕಳ್ಳತನವಾಯಿತು. ಹೊಸ ಸ್ಟೀಲ್ ಬಿಂದಿಗೆ ಕಾಣೆ. ಭಾವ ನನಗೆ ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು. ಅದರಲ್ಲಿ ಭಯವೆಷ್ಟು, ಇಷ್ಟು ದಿನ ಕಾದದ್ದು ಸಾರ್ಥಕವಾದ ಸಂಭ್ರಮವೆಷ್ಟು ಎಂದು ಹೇಳುವುದು ಕಷ್ಟ. ಅಂಗಡಿಯನ್ನು ಯಜಮಾನರಿಗೆ ಬಿಟ್ಟು ಇಮ್ರಾನನನ್ನು ಕರೆದುಕೊಂಡು ಓಡಿದೆ. ಎಲ್ಲರೂ ಟಿ.ವಿ. ಮುಂದೆ ಕೂತೆವು. ಇಮ್ರಾನ್ ಹಿಂದಿನ ದಿನದ ಚಿತ್ರವನ್ನು ಓಡಿಸಿದ. ತುರುಬು. ತುರುಬು. ತುರುಬಿನ ಪಕ್ಕದಲ್ಲಿ ಒಂದು ನಾಯಿಯ ಬಾಲ. ಮತ್ತೆ ತುರುಬು. ಭಾವ ಉಗುರು ಕಚ್ಚುತ್ತಿದ್ದರು. ನಗಲು ಬಂದಿದ್ದ ನನಗೂ ಯಾಕೋ ಎದೆ ಹೊಡೆದುಕೊಳ್ಳತೊಡಗಿತು. ಈ ರೋಗ ಪಕ್ಕದಲ್ಲಿ ಕೂತವರಿಗೂ ಹತ್ತುತ್ತದೆ. ಆಗ ತುರುಬು ಸ್ವಲ್ಪ ಬಾಗಿತು. ಸುಕ್ಕುಗಟ್ಟಿದ ಒಂದು ಕೈ ಹಿಂದಕ್ಕೆ ಚಾಚಿ, ಗೋಡೆಯ ಪಕ್ಕದಲ್ಲಿದ್ದ ಬಿಂದಿಗೆಯನ್ನು ಎತ್ತಿ, ಮುಂದೆ ನಿಂತಿದ್ದ ಯಾರಿಗೋ ಕೊಟ್ಟಿತು.

ನಾವೆಲ್ಲ ಜಗುಲಿಯ ಕಡೆ ತಿರುಗಿದೆವು. ಅತ್ತೆ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದರು.

"ಸಾಲ್ಮನೇಲಿ ಒಂದು ಹಿಂದಿ ಹುಡ್ಗಿ ಬಂದವ್ಳಲ್ಲ, ಬಸ್ರಿ. ಪ್ಲಾಸ್ಟಿಕ್ ಡಬ್ಬೀಲಿ ನೀರು ಹೊರ್ತಿದ್ಳು. ಕೊಟ್ಟೆ."

"ಹೇಳ್ಬಾರ್ದಾ ಅವ್ವ?"

"ನೀನು ಕೇಳಿದ್ಯಾ? ಡಬ್ಬನ ಕೇಳ್ದೆ. ನನ್ನ ಕೇಳ್ಲಿಲ್ಲ." ಅಷ್ಟು ಹೇಳಿ ಅವರು ಮತ್ತೆ ಕಾಳಿನ ಕಡೆ ತಿರುಗಿದರು.

ಅವರಿಬ್ಬರ ನಡುವೆ, ಅಂದರೆ ಅತ್ತೆ ಮತ್ತು ಕ್ಯಾಮೆರಾದ ನಡುವೆ, ರಾಜಿ ಮಾಡಿಸಿದ್ದು ಕರೆಂಟು. ಊರಿನಲ್ಲಿ ಕರೆಂಟು ಹೋಯಿತೆಂದರೆ ಯಾವಾಗ ಬರುತ್ತದೆ ಎಂದು ಕೇಳುವ ಹಾಗಿರಲಿಲ್ಲ. ಟಿ.ವಿ. ಕಪ್ಪಗಾದ ತಕ್ಷಣ ಭಾವ ಒಂದು ಸ್ಟೂಲು ತಂದು ಕ್ಯಾಮೆರಾದ ಕೆಳಗೆ ಹಾಕಿಕೊಂಡು, ಅದು ನೋಡುತ್ತಿದ್ದ ಕಡೆಯೇ ನೋಡುತ್ತ ಕೂರುತ್ತಿದ್ದರು. ಅತ್ಲಾಗೆ ಇತ್ಲಾಗೆ ತಿರುಗುತ್ತಿರಲಿಲ್ಲ. ಕೂತಲ್ಲಿಂದ ಅವರಿಗೂ ಕಾಣುತ್ತಿದ್ದದ್ದು ತುರುಬೇ. ಅತ್ತೆ ಒಮ್ಮೆ ಕ್ಯಾಮೆರಾವನ್ನೂ, ಅದರ ಕೆಳಗಿನ ಮಗನನ್ನೂ ನೋಡಿ, "ನಾನು ಕರೆಂಟಿಲ್ದೆ ನಡೀತೀನಿ ಕಣ್ಲಾ, ನೀನು ಹೋಗಿ ಉಣ್ಣೋಗು" ಅಂದರು. ಅವತ್ತಿನಿಂದ ಅವರಿಗೆ ಕ್ಯಾಮೆರಾದ ಮೇಲಿದ್ದ ಸಿಟ್ಟು ಹೋಗಿ ಕನಿಕರ ಹುಟ್ಟಿತು. ಪಾಪ, ಅದಕ್ಕೂ ಸುಸ್ತಾಗುತ್ತದೆ, ಅದೂ ಯಾರದೋ ಕೈಕೆಳಗಿನ ಆಳು.

ಕತ್ತಲಾದರೆ ಕ್ಯಾಮೆರಾದ ಸುತ್ತ ಕೆಂಪು ಚುಕ್ಕೆಗಳು ಉರಿಯುತ್ತಿದ್ದವು. ಕಾರ್ಖಾನೆಯವರ ಬಾಯಲ್ಲಿ ಹಗ್ಲು ಶಿಫ್ಟು, ರಾತ್ರಿ ಶಿಫ್ಟು ಎಂದು ಕೇಳಿದ್ದ ಅತ್ತೆಗೆ ಅರ್ಥವಾಯಿತು: ಇದು ಕೆಲಸಕ್ಕೆ ಬಂದ ಗುರುತು. ಚುಕ್ಕೆ ಉರಿದ ಮೇಲೆ ಅವರು ಮೊರ ಎತ್ತಿಟ್ಟು, ಕಂಬ ಹಿಡಿದು ಎದ್ದು, ಕ್ಯಾಮೆರಾದ ಕಡೆ ತಿರುಗಿ ನಿಂತು ಹೇಳುತ್ತಿದ್ದರು, "ನಂದು ಆಯ್ತು ಕಣಪ್ಪ. ಇನ್ ನೀನ್ ನೋಡ್ಕೊ." ಹೇಳಿ ಒಳಗೆ ಹೋಗುತ್ತಿದ್ದರು. ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ನಾವು ಹಿಂದೆ ನಿಂತು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು.

ಆ ಕಾರ್ತೀಕದಲ್ಲಿ ಅತ್ತೆ ಹೋಗಿಬಿಟ್ಟರು. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಭಾವ ಬೆಳಗ್ಗೆಯೇ ಗೂಡು ತೆಗೆದುಕೊಂಡು ರಾಮನಗರದ ಮಾರುಕಟ್ಟೆಗೆ ಹೋಗಿದ್ದರು. ಅಕ್ಕ ಹಿತ್ತಲಲ್ಲಿ ಹುಳುವಿನ ತಟ್ಟೆಗಳನ್ನು ತೊಳೆಯುತ್ತಿದ್ದಳು. ಬಿಂದಿಗೆಯ ಹುಡುಗಿ ನೀರಿಗೆ ಹೋಗುವಾಗ ದಿನವೂ ಮಾತಾಡಿಸುವ ಅಜ್ಜಿ ಇವತ್ತು ಯಾಕೆ ಮಾತಾಡಿಸಲಿಲ್ಲವೆಂದು ಹತ್ತಿರ ಬಂದು ನೋಡಿದಳಂತೆ. ಅತ್ತೆ ಕಂಬಕ್ಕೆ ಒರಗಿ ಕೂತಂತೆಯೇ ಕೂತಿದ್ದರು, ಮೊರ ಮಡಿಲಲ್ಲೇ ಇತ್ತು. ಸುದ್ದಿ ಕೇಳಿ ನಾವು ಹೋಗಿ ಸೇರಿದ ಮೇಲೆ ಭಾವ ಮಾರುಕಟ್ಟೆಯಿಂದ ಬಂದರು. ಅಂಗಳದ ತುಂಬ ಜನರನ್ನು ನೋಡಿ ಗೇಟಿನ ಹತ್ತಿರವೇ ನಿಂತುಬಿಟ್ಟರು. ಆ ಅಂಗಳವನ್ನು ಅವರು ಹಿಂದೊಮ್ಮೆ ನೋಡಿದ್ದರು. ಅವರ ಮುಖವನ್ನು ನೋಡಲು ನನ್ನಿಂದಾಗಲಿಲ್ಲ.

ತಿಥಿಯ ದಿನ ಮನೆ ತುಂಬ ಜನ. ಕಲ್ಯ ಊರಿನ ಕಡೆಯ ನೆಂಟರು, ಅಡುಗೆಯವರು, ಶಾಮಿಯಾನದವರು, ಗುರುತೇ ಇಲ್ಲದ ಎಷ್ಟೋ ಮಂದಿ. ಇಂಥ ದಿನ ಭಾವ ಹೇಗಿರುತ್ತಾರೆಂದು ನನಗೆ ಗೊತ್ತು: ಲೋಟಗಳ ಮೇಲೊಂದು ಕಣ್ಣು, ಚಪ್ಪಲಿಗಳ ಮೇಲೊಂದು ಕಣ್ಣು. ಅವತ್ತು ಮಾತ್ರ ಶಾಂತವಾಗಿ ಎಲೆ ಹಾಕಿಸುತ್ತಿದ್ದರು. ಅದನ್ನು ನೋಡಿಯೇ ನನಗೆ ದಿಗಿಲಾಯಿತು. ಸಂಜೆ ಜನವೆಲ್ಲ ಹೊರಟ ಮೇಲೆ ಜಗುಲಿಗೆ ಬಂದು ನೋಡಿದರೆ, ಹೊತ್ತು ಮುಳುಗಿದರೂ ಕ್ಯಾಮೆರಾದ ಕೆಂಪು ಚುಕ್ಕೆಗಳು ಉರಿದಿರಲಿಲ್ಲ.

"ಭಾವ, ಕ್ಯಾಮೆರಾ ಕೆಟ್ಟೋಗಿದೆಯಾ?"

"ಇಲ್ಲ ಕಣವ್ವ. ವೈರು ನಾನೇ ಕಿತ್ತಾಕಿವ್ನಿ. ನಾಕೂ ಕಿತ್ತಾಕಿವ್ನಿ."

"ಇಷ್ಟು ಜನ ಬಂದು ಹೋಗೋ ದಿನಾನಾ? ಕಳ್ಳ ಬಂದ್ರೆ?"

"ಬರ್ಲಿ ಬುಡು" ಅಂದರು ಭಾವ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವರು ನನ್ನನ್ನು ಒಳಗೆ ಕರೆದುಕೊಂಡು ಹೋದರು. ನಡುಮನೆಯ ಟಿ.ವಿ.ಯ ಮೇಲೆ ಕ್ಯಾಲೆಂಡರಿನ ಹಾಳೆ ಇರಲಿಲ್ಲ. ಒಳಕೋಣೆಯ ಡಬ್ಬ ಅದರ ಪಕ್ಕಕ್ಕೆ ಬಂದಿತ್ತು.

"ಡಬ್ಬ ತುಂಬೋಗೈತೆ" ಅಂದರು. "ಹೊಸದು ಬರ್ಕೊಂಡ್ರೆ ಹಳೇದು ಅಳಿಸ್ತೈತೆ ಅಂದಿದ್ನಲ್ಲ ಇಮ್ರಾನು. ಇನ್ನೊಂದು ದಿನ ಬರ್ಕೊಂಡ್ರೆ ಅವ್ವಂದು ಒಂದು ದಿನ ಹೋಯ್ತದೆ."

ಇಮ್ರಾನನಿಗೆ ಫೋನ್ ಮಾಡಿ, ಬರೆದುಕೊಳ್ಳದೆ ಬರೀ ತೋರಿಸುವುದು ಹೇಗೆಂದು ಕೇಳಿ ತಿಳಿದುಕೊಂಡಿದ್ದರು. ಗುಂಡಿ ಒತ್ತಿದರು. ತುರುಬು ಬಂತು. ಎಣ್ಣೆ ಹಚ್ಚಿ ಬಿಗಿದ, ನಿಂಬೆಹಣ್ಣಿನಷ್ಟಾದ ಬಿಳಿಯ ತುರುಬು. ಅದರ ಪಕ್ಕದಲ್ಲಿ ಮೊರ ಕೇರುವ ಕೈಯ ಒಂದು ಚೂರು. ಹಿಂದೆ ಇದನ್ನೇ ನೋಡಿ ಬೇಸರದಿಂದ ಆಕಳಿಸಿದ್ದವಳು ನಾನು. ಈಗ ಕಣ್ಣು ಮಿಟುಕಿಸಲೂ ಮನಸ್ಸಾಗಲಿಲ್ಲ. ಭಾವ ಸಂಜೆಯ ತನಕ ಓಡಿಸಿದರು. ಚಿತ್ರ ಬಣ್ಣ ಕಳೆದುಕೊಂಡು ಬೂದುಬಣ್ಣವಾಯಿತು. ಕಂಬ ಹಿಡಿದು ಅತ್ತೆ ಎದ್ದರು, ತಿರುಗಿದರು. ಅವರ ಇಡೀ ಮುಖ ಟಿ.ವಿ.ಯಲ್ಲಿ ಬಂತು, ನಮ್ಮನ್ನೇ ನೋಡುತ್ತ. ತುಟಿ ಅಲ್ಲಾಡಿತು. ಆ ಕ್ಯಾಮೆರಾಕ್ಕೆ ಸದ್ದು ಕೇಳಿಸುವುದಿಲ್ಲ.

ನನ್ನ ಹಿಂದಿನಿಂದ ಭಾವ ಮೆಲ್ಲಗೆ ಹೇಳಿದರು, "ನಂದು ಆಯ್ತು ಕಣಪ್ಪ. ಇನ್ ನೀನ್ ನೋಡ್ಕೊ."

ಡಬ್ಬದಲ್ಲಿದ್ದ ಮಾರನೆಯ ಸಂಜೆಯನ್ನೂ ತೋರಿಸಿದರು. ಅತ್ತೆ ತಿರುಗಿದರು, ಭಾವ ಹೇಳಿದರು. ಅದರ ಮಾರನೆಯ ಸಂಜೆಯೂ ಹಾಗೆಯೇ. ಒಂದು ಸಂಜೆ ಅತ್ತೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಿದಂತಿತ್ತು. ಅದೇನೆಂದು ಭಾವನಿಗೂ ಗೊತ್ತಾಗಲಿಲ್ಲ. ಅದನ್ನು ಮಾತ್ರ ಅವರು ಮತ್ತೆ ಮತ್ತೆ ಹಾಕಿ ನೋಡಿದರು.

"ಸಿ.ಡಿ.ಗೆ ಹಾಕಿಸಿಕೊಳ್ಳೋಣ ಭಾವ. ಇಮ್ರಾನ್ ಮಾಡಿಕೊಡ್ತಾನೆ."

"ಹಾಕೋವಾಗ ಕರೆಂಟ್ ಹೋದ್ರೆ? ಅವ್ನು ಕೈ ತಪ್ಪಿ ಬೇರೆ ಗುಂಡಿ ಒತ್ಬುಟ್ರೆ?"

ನನಗೆ ಅಳುವಿನ ನಡುವೆಯೇ ನಗು ಬಂತು. ಆ ನಗುವಿನಲ್ಲೇ ಧೈರ್ಯ ತಂದುಕೊಂಡು ಕೇಳಿದೆ, "ಆವತ್ತಿನ ಬೆಳಗ್ಗೇದು?"

"ಅದೂ ಐತೆ. ನಾನು ನೋಡಿಲ್ಲ, ನೋಡೋದೂ ಇಲ್ಲ." ಭಾವ ಟಿ.ವಿ. ಆರಿಸಿದರು. "ಅಪ್ಪ ಹೋಗೋವಾಗ ಯಾರೂ ನೋಡ್ಲಿಲ್ಲ ಕಣವ್ವ. ಅವ್ವ ಹೋಗೋವಾಗ ನಾನಿರ್ಲಿಲ್ಲ. ಅದಾದ್ರೂ ನೋಡ್ತಿತ್ತಲ್ಲ."

ನನ್ನ ಬಸ್ಸಿನ ಹೊತ್ತಾಗಿತ್ತು. ಅಕ್ಕ ಒಳಗಿನಿಂದ ಕೂಗಿದಳು. ಭಾವ ಡಬ್ಬದ ವೈರು ಸುತ್ತಿ, ಅದನ್ನು ಮಗು ಎತ್ತಿಕೊಂಡಂತೆ ಎತ್ತಿಕೊಂಡು ಹೋಗಿ ಒಳಕೋಣೆಯ ಹಲಗೆಯ ಮೇಲಿಟ್ಟರು. ಮುಂಬಾಗಿಲು ತೆರೆದೇ ಇತ್ತು, ಹಿತ್ತಲ ಬಾಗಿಲೂ ತೆರೆದಿತ್ತು. ಅವರು ಆ ಕಡೆ ನೋಡಲೂ ಇಲ್ಲ. ಕೋಣೆಯ ಬಾಗಿಲು ಎಳೆದುಕೊಂಡು ಬೀಗ ಹಾಕಿದರು. ಎಳೆದು ನೋಡಿದರು. ನಾಲ್ಕು ಹೆಜ್ಜೆ ಬಂದು, ಮತ್ತೆ ಹೋಗಿ ಜಗ್ಗಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನೂ ಒಂದ್ಸಲ ಎಳ್ದು ನೋಡವ್ವ."

ನಾನು ಎಳೆದೆ. ಸಾಲದು ಅನ್ನಿಸಿತು. ಎರಡೂ ಕೈ ಹಾಕಿ ಇನ್ನೊಂದು ಸಲ ಎಳೆದೆ.